ಇರವಿನ ಕಾರಣವನ್ನು ಅರಸಿದ ಲೈಬ್ನಿಟ್ಸ್

ಮಳೆ ಏಕೆ ಬಂದಿತೆಂದು ಕೇಳಿದವನಿಗೆ ನಾವು ಮೋಡವನ್ನು ತೋರಿಸುತ್ತೇವೆ. ಮೋಡವೇಕೆಂದರೆ ಕಡಲನ್ನೂ ಸೂರ್ಯನ ತಾಪವನ್ನೂ ತೋರಿಸುತ್ತೇವೆ. ಸೂರ್ಯನೇಕೆಂದರೆ ಅದಕ್ಕೂ ಹಿಂದಣ ಇನ್ನೊಂದು ಸ್ಥಿತಿಯ ಕಡೆಗೆ ಕೈಮಾಡುತ್ತೇವೆ. ಲೋಕದ ವಿದ್ಯೆಗಳೆಲ್ಲವೂ ಹೀಗೆ ಒಂದು ವಸ್ತುವಿನ ಕಾರಣವನ್ನು ಮತ್ತೊಂದು ವಸ್ತುವಿನಲ್ಲಿ ಹುಡುಕುತ್ತ ಬೆಳೆದು ಬಂದಿವೆ. ಆದರೆ ಈ ಸಾಲೆಲ್ಲವನ್ನೂ ಒಟ್ಟಾಗಿ ಹಿಡಿದು, ಇದೆಲ್ಲವೂ ಏಕಾದರೂ ಇರಬೇಕು, ಏನೂ ಇಲ್ಲದೆಯೇ ಇರಬಹುದಾಗಿತ್ತಲ್ಲವೇ ಎಂದು ಕೇಳಿದಾಗ ಕೈಮಾಡಿ ತೋರಿಸಲು ಯಾವ ವಸ್ತುವೂ ಉಳಿಯುವುದಿಲ್ಲ. ತೋರಿಸಿದುದೆಲ್ಲವೂ ಪ್ರಶ್ನೆಯೊಳಗೇ ಸೇರಿಹೋಗುತ್ತದೆ. ಈ ಪ್ರಶ್ನೆಯನ್ನು ತತ್ತ್ವವಿಚಾರದ ಮೊದಲನೆಯ ಪ್ರಶ್ನೆಯೆಂದು ಸ್ಪಷ್ಟವಾಗಿ ಹೇಳಿ ಮುಂದಿಟ್ಟವನು ಜರ್ಮನಿಯ ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಟ್ಸ್. ಗಣಿತಜ್ಞನೆಂದು ಜಗದ್ವಿಖ್ಯಾತನಾದ ಈ ಮಹನೀಯನ ಜೀವನವನ್ನು ಆ ಒಂದು ಪ್ರಶ್ನೆಯ ಬೆಳಕಿನಲ್ಲಿ ನೋಡುವುದೇ ಈ ಲೇಖನದ ಉದ್ದೇಶ.

ಲೈಬ್ನಿಟ್ಸನು ಕ್ರಿ.ಶ. ೧೬೪೬ನೆಯ ಜುಲೈ ೧ರಂದು ಲೈಪ್ಸಿಗ್ ನಗರದಲ್ಲಿ ಜನಿಸಿದನು. ಮತಭೇದದಿಂದ ಹೊತ್ತಿಕೊಂಡು ಜರ್ಮನಿಯನ್ನು ಸುಟ್ಟು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧವು ಮುಗಿಯಲು ಆಗ ಇನ್ನೂ ಎರಡು ವರ್ಷಗಳಿದ್ದವು. ತಂದೆ ಫ್ರೀಡ್ರಿಕ್ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಮಗನಿಗೆ ಆರು ವರ್ಷವಾದಾಗಲೇ ಆತನು ತೀರಿಕೊಂಡನು. ತಂದೆಯು ಬಿಟ್ಟುಹೋದ ಆಸ್ತಿಯಲ್ಲಿ ಮಗನ ಪಾಲಿಗೆ ಒದಗಿದ ನಿಜವಾದ ನಿಧಿಯೆಂದರೆ ಆತನ ಗ್ರಂಥಭಂಡಾರ. ಬಾಲಕನು ಚಿತ್ರಗಳಿಂದ ಕೂಡಿದ ರೋಮ್ ದೇಶದ ಚರಿತ್ರೆಯೊಂದನ್ನು ಮುಂದಿಟ್ಟುಕೊಂಡು, ಚಿತ್ರದಿಂದ ಮಾತನ್ನೂ ಮಾತಿನಿಂದ ಮುಂದಿನ ಮಾತನ್ನೂ ಊಹಿಸುತ್ತ, ಗುರುವಿನ ನೆರವಿಲ್ಲದೆಯೇ ಲ್ಯಾಟಿನ್ ಭಾಷೆಯನ್ನು ಬಹುಮಟ್ಟಿಗೆ ಕಲಿತನು. ಎಂಟನೆಯ ವಯಸ್ಸಿನ ಸುಮಾರಿಗೆ ಆ ಭಂಡಾರದ ಬಾಗಿಲು ಆತನಿಗೆ ತೆರೆಯಿತು. ಅಲ್ಲಿಂದ ಮುಂದೆ ಪ್ರಾಚೀನರ ತತ್ತ್ವಗ್ರಂಥಗಳೂ ಧರ್ಮಗ್ರಂಥಗಳೂ ಆತನ ಆಟದ ಸಾಮಗ್ರಿಗಳಾದವು.

೧೬೬೧ರಲ್ಲಿ ಆತನು ವಿಶ್ವವಿದ್ಯಾನಿಲಯವನ್ನು ಸೇರಿದನು. ೧೬೬೬ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಭಾವನೆಗಳ ಸಂಯೋಜನೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅಕ್ಷರಗಳು ಕೂಡಿ ಪದಗಳಾಗುವಂತೆ, ಕೆಲವೇ ಮೂಲಭಾವನೆಗಳು ಕೂಡಿ ಮನುಷ್ಯನ ಎಲ್ಲ ಆಲೋಚನೆಗಳೂ ಆಗುತ್ತವೆ. ಆ ಮೂಲಗಳನ್ನು ಕಂಡುಹಿಡಿದರೆ ವಾದವಿವಾದಗಳನ್ನೆಲ್ಲ ಲೆಕ್ಕ ಮಾಡಿದಂತೆ ತೀರಿಸಬಹುದೆಂಬುದು ಅದರಲ್ಲಿ ಮೊಳೆತ ಆಶಯ. ವಿಚಾರದಿಂದ ಬಗೆಹರಿಯದ ಗಂಟು ಯಾವುದೂ ಇಲ್ಲವೆಂಬ ಈ ನಂಬಿಕೆಯು ಆತನನ್ನು ಕಡೆಯವರೆಗೂ ಬಿಡಲಿಲ್ಲ. ಲೈಪ್ಸಿಗ್ ವಿಶ್ವವಿದ್ಯಾನಿಲಯವು ಆತನಿಗೆ ನ್ಯಾಯಶಾಸ್ತ್ರದ ಡಾಕ್ಟರ್ ಪದವಿಯನ್ನು ಕೊಡಲೊಪ್ಪಲಿಲ್ಲ. ನ್ಯೂರೆಂಬರ್ಗಿನ ಬಳಿಯ ಆಲ್ಟ್‌ಡಾರ್ಫ್ ವಿಶ್ವವಿದ್ಯಾನಿಲಯವು ೧೬೬೭ರಲ್ಲಿ ಪದವಿಯನ್ನಿತ್ತುದಲ್ಲದೆ ಪ್ರಾಧ್ಯಾಪಕನಾಗೆಂದೂ ಕರೆಯಿತು. ಆದರೆ ಲೈಬ್ನಿಟ್ಸನು ಆ ಪೀಠವನ್ನೊಪ್ಪದೆ ಮೈನ್ಸ್ ನಗರದ ಅರಸನ ಸೇವೆಗೆ ಸೇರಿದನು.

೧೬೭೨ರಲ್ಲಿ ರಾಜಕಾರ್ಯದ ನಿಮಿತ್ತವಾಗಿ ಪ್ಯಾರಿಸ್ ನಗರಕ್ಕೆ ಹೋದುದು ಆತನ ಬಾಳಿನಲ್ಲಿ ಹೊಸ ಅಧ್ಯಾಯವನ್ನು ತೆರೆಯಿತು. ಹೋದ ಕಾರ್ಯವು ಕೈಗೂಡಲಿಲ್ಲ. ಆದರೆ ಅಲ್ಲಿ ಹಾಲೆಂಡಿನ ಮಹಾವಿಜ್ಞಾನಿ ಹೈಗೆನ್ಸನ ಪರಿಚಯವಾಗಿ, ಆತನ ಮಾರ್ಗದರ್ಶನದಲ್ಲಿ ಲೈಬ್ನಿಟ್ಸನು ಗಣಿತದ ಆಳಕ್ಕಿಳಿದನು. ಗುಣಾಕಾರ ಭಾಗಾಕಾರಗಳನ್ನೂ ಮಾಡಬಲ್ಲ ಲೆಕ್ಕದ ಯಂತ್ರವೊಂದನ್ನು ರಚಿಸಿ, ೧೬೭೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿ ಅದರ ಸದಸ್ಯನಾದನು. ೧೬೭೫ರಲ್ಲಿ ಕಲನಶಾಸ್ತ್ರವು ಆತನಿಗೆ ಹೊಳೆಯಿತು. ೧೬೮೪ರಲ್ಲಿ ಅದನ್ನು ಪ್ರಕಟಿಸಿದನು. ಇದೇ ಶಾಸ್ತ್ರವನ್ನು ಇಂಗ್ಲೆಂಡಿನ ನ್ಯೂಟನ್ನನು ಅದಕ್ಕೂ ಮುಂಚೆಯೇ ಕಂಡುಕೊಂಡು ಪ್ರಕಟಿಸದೆ ಇಟ್ಟುಕೊಂಡಿದ್ದನು. ಮುಂದೆ ಇದರಿಂದ ಕಹಿಯಾದ ವ್ಯಾಜ್ಯವೆದ್ದು, ನ್ಯೂಟನ್ನನೇ ಅಧ್ಯಕ್ಷನಾಗಿದ್ದ ರಾಯಲ್ ಸೊಸೈಟಿಯು ೧೭೧೨ರಲ್ಲಿ ಲೈಬ್ನಿಟ್ಸನಿಗೆ ವಿರೋಧವಾಗಿ ತೀರ್ಪಿತ್ತಿತು. ಇಬ್ಬರೂ ಸ್ವತಂತ್ರವಾಗಿಯೇ ಅದನ್ನು ಕಂಡರೆಂಬುದು ಇಂದಿನ ವಿದ್ವಾಂಸರ ನಿರ್ಣಯ. ಇಂದು ವಿದ್ಯಾರ್ಥಿಗಳು ಬಳಸುವ ಚಿಹ್ನೆಗಳು ಬಹುಮಟ್ಟಿಗೆ ಲೈಬ್ನಿಟ್ಸನವು.

೧೬೭೬ರಲ್ಲಿ ಜೀವನೋಪಾಯಕ್ಕಾಗಿ ಹ್ಯಾನೋವರ್ ಸಂಸ್ಥಾನದ ಡ್ಯೂಕನ ಸೇವೆಯನ್ನೊಪ್ಪಿಕೊಂಡು ಹೊರಟವನು ದಾರಿಯಲ್ಲಿ ಹೇಗ್ ನಗರದಲ್ಲಿ ಸ್ಪಿನೋಜನನ್ನು ಕಂಡನು. ಸ್ಪಿನೋಜನು ತನ್ನ ಮತದವರಿಂದ ಬಹಿಷ್ಕೃತನಾಗಿ, ಮಸೂರಗಳನ್ನು ಉಜ್ಜಿ ನಯಗೊಳಿಸುವ ಕಸುಬನ್ನು ಮಾಡುತ್ತ, ಒಬ್ಬಂಟಿಯಾಗಿ ತತ್ತ್ವಚಿಂತನೆ ಮಾಡುತ್ತಿದ್ದ ಮಹಾತ್ಮ. ಇರುವುದು ಒಂದೇ ವಸ್ತು, ಅದೇ ದೇವರು, ಅದೇ ಪ್ರಕೃತಿ. ಲೋಕದಲ್ಲಿ ನಡೆಯುವುದೆಲ್ಲವೂ ತ್ರಿಕೋನದ ಗುಣಗಳು ತ್ರಿಕೋನದಿಂದ ಹೊರಡುವಂತೆ ಅನಿವಾರ್ಯವಾಗಿ ಹೊರಡುತ್ತದೆಂಬುದು ಆತನ ದರ್ಶನ. ಹಾಗಾದರೆ ಏನೂ ಇಲ್ಲದಿರಬಹುದಾಗಿತ್ತೆಂಬ ಮಾತಿಗೆ ಅರ್ಥವೇ ಇಲ್ಲ. ಲೈಬ್ನಿಟ್ಸನು ಆತನೊಡನೆ ಹಲವು ಬಾರಿ ದೀರ್ಘವಾಗಿ ಸಂಭಾಷಿಸಿದನು. ಆಕರ್ಷಿತನೂ ಆದನು, ಬೆದರಿದನು ಕೂಡ. ಲೋಕವು ಬೇರೆ ರೀತಿಯಲ್ಲಿ ಇರಬಹುದಾಗಿತ್ತು, ಇಲ್ಲದೆಯೂ ಇರಬಹುದಾಗಿತ್ತೆಂಬ ಸಾಧ್ಯತೆಯನ್ನು ಬಿಟ್ಟುಕೊಟ್ಟರೆ ದೇವರ ಸಂಕಲ್ಪಕ್ಕೂ ಮನುಷ್ಯನ ಸ್ವಾತಂತ್ರ್ಯಕ್ಕೂ ಸ್ಥಾನವಿಲ್ಲವೆಂದು ಆತನಿಗೆ ತೋರಿತು. ಆ ಸಾಧ್ಯತೆಯನ್ನು ಉಳಿಸಿಕೊಂಡುದರಿಂದಲೇ ಇರವಿನ ಪ್ರಶ್ನೆಯು ಆತನ ಪಾಲಿಗೆ ಜೀವಂತವಾಗಿ ಉಳಿಯಿತು.

ಹ್ಯಾನೋವರಿನಲ್ಲಿ ಆತನು ಕಳೆದ ನಲವತ್ತು ವರ್ಷಗಳು ದುಡಿಮೆಯ ವರ್ಷಗಳು. ಗ್ರಂಥಭಂಡಾರದ ಅಧಿಕಾರಿಯಾಗಿ, ನ್ಯಾಯಾಧಿಕಾರಿಯಾಗಿ, ಅರಸರ ಸಲಹೆಗಾರನಾಗಿ ಕೆಲಸ ಮಾಡಿದನು. ಹಾರ್ಟ್ಸ್ ಪರ್ವತದ ಬೆಳ್ಳಿಯ ಗಣಿಗಳಲ್ಲಿ ತುಂಬುವ ನೀರನ್ನು ಗಾಳಿಯ ಬಲದಿಂದ ಮೇಲೆತ್ತಲು ಯಂತ್ರಗಳನ್ನು ಯೋಜಿಸಿ, ಹಲವು ವರ್ಷ ಹೆಣಗಿ ವಿಫಲನಾದನು. ೧೬೮೫ರಲ್ಲಿ ಅರಸನು ಆತನಿಗೆ ತನ್ನ ವಂಶದ ಚರಿತ್ರೆಯನ್ನು ಬರೆಯುವ ಕಾರ್ಯವನ್ನು ವಹಿಸಿದನು. ಅದಕ್ಕಾಗಿ ಲೈಬ್ನಿಟ್ಸನು ೧೬೮೭ರಿಂದ ೧೬೯೦ರವರೆಗೆ ದಕ್ಷಿಣ ಜರ್ಮನಿ, ವಿಯೆನ್ನಾ, ಇಟಲಿಗಳಲ್ಲಿ ಸಂಚರಿಸಿ ಹಳೆಯ ದಾಖಲೆಗಳನ್ನು ಶೋಧಿಸಿದನು. ಆದರೆ ಒಂದು ಪೀಳಿಗೆಯ ಹಿಂದೆ ಮತ್ತೊಂದು ಪೀಳಿಗೆಯನ್ನು ಹುಡುಕುವುದಷ್ಟಕ್ಕೇ ಆತನ ಮನಸ್ಸು ನಿಲ್ಲಲಿಲ್ಲ. ವಂಶದ ಕಥೆಗೆ ಮೊದಲು ನಾಡಿನ ಕಥೆ ಬೇಕು, ನಾಡಿನ ಕಥೆಗೆ ಮೊದಲು ಭೂಮಿಯ ಕಥೆ ಬೇಕೆಂದು, ಭೂಮಿಯ ಉತ್ಪತ್ತಿಯನ್ನೂ ಬಂಡೆಗಳಲ್ಲಿ ಹುದುಗಿದ ಪ್ರಾಣಿಗಳ ಅವಶೇಷಗಳನ್ನೂ ಕುರಿತು ಒಂದು ಪ್ರಬಂಧವನ್ನೇ ಪೀಠಿಕೆಯಾಗಿ ಬರೆದನು. ಅರಸರು ಕೇಳಿದ ಗ್ರಂಥವು ಮಾತ್ರ ಆತನ ಆಯುಷ್ಯ ಮುಗಿದಾಗ ಕ್ರಿ.ಶ. ೧೦೦೫ರ ವರೆಗೆ ಬಂದು ನಿಂತಿತ್ತು.

ಹಿಂದೆ ಹಿಂದೆ ಹೋಗುವ ಈ ಅಭ್ಯಾಸದಲ್ಲಿಯೇ ಆತನ ಮಹಾಪ್ರಶ್ನೆಯ ಬೀಜವಿದೆ. ೧೬೯೭ನೆಯ ನವೆಂಬರ್ ತಿಂಗಳಲ್ಲಿ ಆತನು ವಸ್ತುಗಳ ಮೂಲೋತ್ಪತ್ತಿಯನ್ನು ಕುರಿತು ಒಂದು ಚಿಕ್ಕ ಪ್ರಬಂಧವನ್ನು ರಚಿಸಿದನು. ಅದರಲ್ಲಿ ಕೊಟ್ಟ ದೃಷ್ಟಾಂತವು ಬಹಳ ಮನೋಹರವಾಗಿದೆ. ರೇಖಾಗಣಿತದ ಒಂದು ಪುಸ್ತಕವಿದೆಯೆಂದು ಭಾವಿಸೋಣ. ಅದು ಹಿಂದಿನ ಒಂದು ಪ್ರತಿಯನ್ನು ನೋಡಿ ಬರೆದುದು. ಆ ಪ್ರತಿಯು ಅದಕ್ಕೂ ಹಿಂದಿನದನ್ನು ನೋಡಿ ಬರೆದುದು. ಹೀಗೆ ಅನಾದಿಕಾಲದಿಂದಲೂ ಪ್ರತಿಯಿಂದ ಪ್ರತಿ ಇಳಿದು ಬಂದಿದೆಯೆನ್ನೋಣ. ಆಗ ಪ್ರತಿಯೊಂದು ಪುಸ್ತಕಕ್ಕೂ ಅದರ ಹಿಂದಿನ ಪುಸ್ತಕವು ಕಾರಣವಾಯಿತು. ಆದರೆ ಇಂಥ ಪುಸ್ತಕಗಳು ಏಕಾದರೂ ಇವೆ, ಅವುಗಳಲ್ಲಿ ಈ ವಿಷಯವೇ ಏಕಿದೆ ಎಂಬುದಕ್ಕೆ ಉತ್ತರ ಬಂದಂತಾಗಲಿಲ್ಲ. ಲೋಕದ ಸ್ಥಿತಿಗಳೂ ಹಾಗೆಯೇ. ಇಂದಿನ ಸ್ಥಿತಿಯು ನಿನ್ನಿನ ಸ್ಥಿತಿಯ ಪ್ರತಿ. ಲೋಕಕ್ಕೆ ಆದಿಯೇ ಇಲ್ಲ, ಅದು ಸದಾ ಇದ್ದಿತೆಂದು ಹೇಳಿದರೂ ಪ್ರಶ್ನೆಯು ಎಳ್ಳಷ್ಟೂ ಕರಗುವುದಿಲ್ಲ. ಸದಾ ಏಕೆ ಇದ್ದಿತೆಂದು ಕೇಳುವುದು ಉಳಿದೇ ಇರುತ್ತದೆ. ಸೃಷ್ಟಿಯು ಎಂದು ಆಯಿತೆಂಬ ಪ್ರಶ್ನೆಯಿಂದ ಏಕೆ ಆಯಿತೆಂಬ ಪ್ರಶ್ನೆಯನ್ನು ಹೀಗೆ ಬಿಡಿಸಿ ತೋರಿಸಿದುದು ಲೈಬ್ನಿಟ್ಸನ ದೊಡ್ಡ ಉಪಕಾರ.

ಈ ವಿಚಾರಕ್ಕೆ ಅಡಿಗಲ್ಲಾದುದು ಆತನ ಪರ್ಯಾಪ್ತ ಹೇತುವಿನ ತತ್ತ್ವ. ಯಾವುದಾದರೂ ಒಂದು ಹೀಗಿದ್ದರೆ, ಬೇರೆ ರೀತಿಯಾಗಿರದೆ ಹೀಗೇ ಇರುವುದಕ್ಕೆ ಸಾಕಾದ ಒಂದು ಕಾರಣವು ಇದ್ದೇ ಇರಬೇಕು. ಅದು ನಮಗೆ ತಿಳಿಯಬಹುದು, ತಿಳಿಯದಿರಬಹುದು. ಈ ತತ್ತ್ವದಿಂದಲೇ ಆತನು ಲೋಕದಲ್ಲಿ ಎರಡು ವಸ್ತುಗಳು ಸರ್ವಥಾ ಒಂದೇ ತೆರನಾಗಿರಲಾರವೆಂದೂ ಸಾಧಿಸಿದನು. ಆತನಲ್ಲಿ ಅಪಾರ ಗೌರವವನ್ನಿಟ್ಟಿದ್ದ ರಾಣಿ ಸೋಫಿಯ ಉದ್ಯಾನದಲ್ಲಿ ಇದರ ಮಾತು ಬಂದಾಗ, ಸಭಾಸದನೊಬ್ಬನು ಪೂರ್ಣವಾಗಿ ಸಮನಾದ ಎರಡು ಎಲೆಗಳನ್ನು ತರುವೆನೆಂದು ಹೊರಟು, ತೋಟವನ್ನೆಲ್ಲ ಸುತ್ತಿ ಬರಿಗೈಯಲ್ಲಿ ಹಿಂದಿರುಗಿದನು.

ಅದೇ ೧೬೯೭ನೆಯ ವರ್ಷದ ಆರಂಭದಲ್ಲಿ ಆತನು ಬ್ರನ್ಸ್‌ವಿಕ್ಕಿನ ಡ್ಯೂಕ್ ರುಡಾಲ್ಫ್ ಆಗಸ್ಟನಿಗೆ ಹೊಸ ವರ್ಷದ ಶುಭಾಶಯದೊಡನೆ ಒಂದು ಪದಕದ ನಕ್ಷೆಯನ್ನು ಬರೆದು ಕಳುಹಿಸಿದನು. ಸೃಷ್ಟಿಯ ಚಿತ್ರವಾಗಿ ಅದರಲ್ಲಿದ್ದುದು ಕೇವಲ ೧ ಮತ್ತು ೦ ಎಂಬ ಎರಡೇ ಅಂಕೆಗಳಿಂದ ಎಲ್ಲ ಸಂಖ್ಯೆಗಳನ್ನೂ ಬರೆಯುವ ಪದ್ಧತಿ. ಅದರಲ್ಲಿ ಎರಡನ್ನು ೧೦ ಎಂದೂ, ಮೂರನ್ನು ೧೧ ಎಂದೂ, ನಾಲ್ಕನ್ನು ೧೦೦ ಎಂದೂ ಬರೆಯಬೇಕು. ಒಂದು ಎಂಬುದು ದೇವರು, ಸೊನ್ನೆಯೆಂಬುದು ಅಭಾವ. ಅಭಾವದಿಂದ ಸಮಸ್ತವನ್ನೂ ಹೊರಡಿಸಲು ಆ ಒಂದೇ ಸಾಕೆಂಬುದು ಆತನ ಭಾವನೆ. ಈ ದ್ವಿಮಾನ ಪದ್ಧತಿಯನ್ನು ೧೭೦೩ರಲ್ಲಿ ಪ್ರಕಟಿಸಿದನು. ಇಂದಿನ ಗಣಕಯಂತ್ರಗಳು ತಮ್ಮ ಸಮಸ್ತ ಕಾರ್ಯವನ್ನೂ ಈ ಎರಡು ಅಂಕೆಗಳಿಂದಲೇ ನಡೆಸುತ್ತಿವೆ. ಸೊನ್ನೆಯ ಗಣಿತವನ್ನು ಕ್ರಿ.ಶ. ೬೨೮ರಲ್ಲಿಯೇ ಬ್ರಹ್ಮಗುಪ್ತನು ವಿಧಿಬದ್ಧವಾಗಿ ನಿರೂಪಿಸಿದನೆಂಬುದನ್ನೂ, ಆ ಅಂಕೆಯು ಭಾರತದಿಂದ ಅರಬರ ಮೂಲಕ ಯೂರೋಪಿಗೆ ಹೋಯಿತೆಂಬುದನ್ನೂ ಇಲ್ಲಿ ಸ್ಮರಿಸಬಹುದು.

೧೭೧೦ರಲ್ಲಿ ದೇವರ ನ್ಯಾಯವನ್ನು ಕುರಿತ ಆತನ ದೊಡ್ಡ ಗ್ರಂಥವು ಹೊರಬಂದಿತು. ಸಾಧ್ಯವಾದ ಲೋಕಗಳು ಅನಂತವಾಗಿವೆ. ಅವುಗಳಲ್ಲಿ ಉತ್ತಮೋತ್ತಮವಾದುದನ್ನು ದೇವರು ಆರಿಸಿ ಇರವಿಗೆ ತಂದನೆಂಬುದು ಅದರ ಸಾರ. ೧೭೧೪ರಲ್ಲಿ ವಿಯೆನ್ನಾ ನಗರದಲ್ಲಿದ್ದಾಗ, ಸೆವಾಯ್ ರಾಜಕುಮಾರ ಯೂಜೀನನಿಗಾಗಿ ತನ್ನ ದರ್ಶನವನ್ನು ಸಂಗ್ರಹಿಸಿ ಪ್ರಕೃತಿ ಮತ್ತು ಅನುಗ್ರಹದ ತತ್ತ್ವಗಳೆಂಬ ಕಿರುಗ್ರಂಥವನ್ನು ಬರೆದನು. ಮಹಾಪ್ರಶ್ನೆಯು ತನ್ನ ನಿಚ್ಚಳವಾದ ರೂಪವನ್ನು ಪಡೆದುದು ಅಲ್ಲಿಯೇ. ಏನೂ ಇಲ್ಲದಿರುವುದು ಏನಾದರೂ ಇರುವುದಕ್ಕಿಂತ ಸರಳ, ಸುಲಭ. ಆದುದರಿಂದ ಏನಾದರೂ ಇರುವುದಕ್ಕೆ ಕಾರಣ ಬೇಕು. ಇರುವುದು ಹೀಗೆಯೇ ಇರುವುದಕ್ಕೂ ಕಾರಣ ಬೇಕು. ಆ ಕಾರಣವು ವಸ್ತುಗಳ ಸಾಲಿನೊಳಗೆ ದೊರೆಯದು. ಸಾಲಿನ ಹೊರಗೆ, ತನ್ನ ಇರವಿಗೆ ತಾನೇ ಕಾರಣವಾದ ಒಂದು ತತ್ತ್ವದಲ್ಲಿ ಅದು ದೊರೆಯಬೇಕು. ಅದನ್ನೇ ಲೈಬ್ನಿಟ್ಸನು ದೇವರೆಂದು ಕರೆದನು.

ಇಷ್ಟು ಎತ್ತರದಲ್ಲಿ ವಿಹರಿಸಿದ ಆ ಚೇತನದ ಕೊನೆಯ ದಿನಗಳು ಕರುಣಾಜನಕವಾಗಿದ್ದವು. ೧೭೦೦ರಲ್ಲಿ ಬರ್ಲಿನ್ನಿನ ವಿದ್ವತ್ಸಭೆಯ ಸ್ಥಾಪನೆಗೆ ಆತನೊಡನೆ ನಿಂತ ಪ್ರಷ್ಯದ ರಾಣಿ ಸೋಫಿ ಷಾರ್ಲಟ್ ೧೭೦೫ರಲ್ಲಿ ತೀರಿಕೊಂಡಿದ್ದಳು. ಆಕೆಯ ತಾಯಿ ಸೋಫಿಯೂ ೧೭೧೪ರ ಜೂನ್ ತಿಂಗಳಲ್ಲಿ ಅಗಲಿದಳು. ಅದೇ ವರ್ಷ ಆಕೆಯ ಮಗನು ಮೊದಲನೆಯ ಜಾರ್ಜ್ ಎಂಬ ಹೆಸರಿನಿಂದ ಇಂಗ್ಲೆಂಡಿನ ಸಿಂಹಾಸನವನ್ನೇರಿ ಲಂಡನ್ನಿಗೆ ತೆರಳಿದನು. ಲೈಬ್ನಿಟ್ಸನು ತಾನೂ ಅಲ್ಲಿಗೆ ಹೋಗಬಯಸಿದಾಗ, ವಂಶಚರಿತ್ರೆಯನ್ನು ಮುಗಿಸುವವರೆಗೆ ಹ್ಯಾನೋವರನ್ನು ಬಿಡಕೂಡದೆಂದು ಅರಸನ ಅಪ್ಪಣೆಯಾಯಿತು. ಸಂಧಿವಾತದಿಂದ ನರಳುತ್ತ, ನ್ಯೂಟನ್ನನ ಪಕ್ಷದ ಕ್ಲಾರ್ಕನೊಡನೆ ಪತ್ರಗಳ ಮೂಲಕ ದೇಶಕಾಲಗಳ ಸ್ವರೂಪವನ್ನು ಕುರಿತು ವಾದಿಸುತ್ತ ಇದ್ದ ಆತನು ೧೭೧೬ನೆಯ ನವೆಂಬರ್ ೧೪ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ದೇಹವನ್ನು ಬಿಟ್ಟನು. ಆತನು ಮದುವೆಯಾಗಿರಲಿಲ್ಲ. ನಲವತ್ತು ವರ್ಷ ಸೇವೆ ಮಾಡಿಸಿಕೊಂಡ ಆಸ್ಥಾನದಿಂದ ಶವಸಂಸ್ಕಾರಕ್ಕೆ ಯಾರೂ ಬರಲಿಲ್ಲ. ಲಂಡನ್ನಿನ ಸಭೆಯೂ ಆತನೇ ಮೊದಲ ಅಧ್ಯಕ್ಷನಾಗಿದ್ದ ಬರ್ಲಿನ್ನಿನ ಸಭೆಯೂ ಮೌನವಾಗಿದ್ದವು. ಪ್ಯಾರಿಸಿನ ಸಭೆಯೊಂದೇ ೧೭೧೭ರಲ್ಲಿ ಗುಣಸ್ಮರಣೆ ಮಾಡಿತು. ಆತನು ಬಿಟ್ಟುಹೋದ ಸುಮಾರು ಎರಡು ಲಕ್ಷ ಪುಟಗಳ ಹಸ್ತಪ್ರತಿಗಳು ಇನ್ನೂ ಪೂರ್ಣವಾಗಿ ಅಚ್ಚಾಗಿಲ್ಲ. ಆತನ ಪತ್ರಸಂಗ್ರಹವನ್ನು ೨೦೦೭ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಸ್ಮೃತಿಯ ಪಟ್ಟಿಯಲ್ಲಿ ಸೇರಿಸಿತು.

ಆತನು ಹೋದ ಮೇಲೆಯೂ ಪ್ರಶ್ನೆಯು ಉಳಿಯಿತು. ಉತ್ತರಕ್ಕೆ ಮಾತ್ರ ಪೆಟ್ಟಿನ ಮೇಲೆ ಪೆಟ್ಟು ಬಿದ್ದಿತು. ೧೭೫೫ರಲ್ಲಿ ಲಿಸ್ಬನ್ ನಗರವು ಭೂಕಂಪದಿಂದ ನೆಲಸಮವಾದಾಗ, ಉತ್ತಮೋತ್ತಮ ಲೋಕವೆಂಬ ಮಾತು ಹಲವರಿಗೆ ಕ್ರೂರವಾಗಿ ಕೇಳಿಸಿತು. ವಾಲ್ಟೇರನು ೧೭೫೯ರಲ್ಲಿ ಅದನ್ನು ಕಥೆಯ ಮೂಲಕ ಅಪಹಾಸ್ಯ ಮಾಡಿದನು. ಸಾಲಿನೊಳಗಿನ ಒಂದೊಂದಕ್ಕೂ ಕಾರಣ ಹೇಳಿದ ಮೇಲೆ ಇಡಿಯ ಸಾಲಿಗೆ ಬೇರೊಂದು ಕಾರಣವನ್ನು ಕೇಳುವುದು ಸಲ್ಲದೆಂಬ ಆಕ್ಷೇಪವು ೧೭೭೯ರಲ್ಲಿ ಪ್ರಕಟವಾದ ಹ್ಯೂಮನ ಗ್ರಂಥದಲ್ಲಿ ಬಂದಿತು. ಅನುಭವದೊಳಗೆ ಸಲ್ಲುವ ಕಾರಣವೆಂಬ ಅಳತೆಗೋಲನ್ನು ಅನುಭವದ ಆಚೆಗೆ ಚಾಚಲಾಗದೆಂದು ಕಾಂಟನು ೧೭೮೧ರಲ್ಲಿ ವಾದಿಸಿದನು. ೧೯೪೮ರಲ್ಲಿ ರಸೆಲನು ಆಕಾಶವಾಣಿಯ ಒಂದು ಚರ್ಚೆಯಲ್ಲಿ, ಲೋಕವು ಸುಮ್ಮನೆ ಇದೆ, ಅಷ್ಟೇ, ಎಂಬ ನಿಲುವನ್ನು ತಳೆದನು.

ವಿಜ್ಞಾನದ ಮಾತನ್ನೂ ಇಲ್ಲಿ ಕೇಳಬೇಕು. ನಾವು ಕಾಣುವ ವಿಶ್ವವು ಸುಮಾರು ೧,೩೮೦ ಕೋಟಿ ವರ್ಷಗಳ ಹಿಂದೆ ಅತ್ಯಂತ ಸಾಂದ್ರವೂ ಉಷ್ಣವೂ ಆದ ಸ್ಥಿತಿಯಿಂದ ಹಿಗ್ಗುತ್ತ ಬಂದಿದೆಯೆಂದು ಅದು ತಿಳಿಸುತ್ತದೆ. ಎಲ್ಲವನ್ನೂ ತೆಗೆದು ಬರಿದಾಗಿಸಿದ ಎಡೆಯೂ ನಿಜವಾಗಿ ಬರಿದಲ್ಲವೆಂದೂ ತೋರಿಸಿದೆ. ನಿರ್ವಾತದಲ್ಲಿ ಬಹು ಸಮೀಪವಾಗಿಟ್ಟ ಎರಡು ಲೋಹದ ತಗಡುಗಳು ಒಂದನ್ನೊಂದು ಸೆಳೆಯಬೇಕೆಂದು ೧೯೪೮ರಲ್ಲಿ ಕ್ಯಾಸಿಮಿರ್ ಎಂಬ ವಿಜ್ಞಾನಿಯು ಗಣಿಸಿದನು; ೧೯೯೭ರಲ್ಲಿ ಆ ಸೆಳೆತವನ್ನು ಸೂಕ್ಷ್ಮವಾಗಿ ಅಳೆದು ನೋಡಲಾಯಿತು. ಇಂಥ ನಿರ್ವಾತದಿಂದಲೇ ವಿಶ್ವವು ಹೊರಟಿರಬಹುದೆಂದು ಊಹಿಸುವ ವಿಜ್ಞಾನಿಗಳಿದ್ದಾರೆ. ಆದರೆ ನಿಯಮಗಳಿಗೆ ಒಳಪಟ್ಟ, ಶಕ್ತಿಯಿಂದ ಕೂಡಿದ ನಿರ್ವಾತವು ಲೈಬ್ನಿಟ್ಸನು ಹೇಳಿದ ಅಭಾವವಲ್ಲ. ಅದೂ ಪುಸ್ತಕದ ಸಾಲಿನ ಒಂದು ಹಳೆಯ ಪ್ರತಿಯೇ. ಆ ನಿಯಮಗಳೇಕೆಂಬ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ.

ವಚನಗಳ ಅಭ್ಯಾಸಿಗಳಿಗೆ ಇಲ್ಲಿ ಒಂದು ವಿಷಯವು ಸಹಜವಾಗಿಯೇ ಮನಸ್ಸಿಗೆ ಬರುತ್ತದೆ. ಭೂಮಿ ಆಕಾಶಗಳೂ ಕಾಲ ಕರ್ಮಗಳೂ ಇಲ್ಲದಿದ್ದ ಸ್ಥಿತಿಯನ್ನು ಕುರಿತು ಹನ್ನೆರಡನೆಯ ಶತಮಾನದ ಅಲ್ಲಮಪ್ರಭು ಮೊದಲಾದ ಶರಣರು ಮತ್ತೆ ಮತ್ತೆ ನುಡಿದಿದ್ದಾರೆ. ಆ ಸ್ಥಿತಿಯನ್ನು ಶೂನ್ಯವೆಂದೂ ಬಯಲೆಂದೂ ಕರೆದಿದ್ದಾರೆ. ಈ ಶೂನ್ಯವು ಲೈಬ್ನಿಟ್ಸನ ಪದಕದ ಸೊನ್ನೆಯಲ್ಲ. ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯ ಹೆಸರೇ ಇದನ್ನು ಸೂಚಿಸುತ್ತದೆ: ಬರಿಯ ಅಭಾವವಾಗಿದ್ದರೆ ಸಂಪಾದಿಸುವುದಕ್ಕೆ ಅಲ್ಲೇನಿದೆ? ಶರಣರ ಬಯಲು ಇರವಿನ ಎದುರಾಳಿಯಲ್ಲ, ಇರವಿನ ಒಡಲು. ಆದರೂ ಒಂದು ಪ್ರಶ್ನೆ ನಮಗೂ ತಪ್ಪಿದ್ದಲ್ಲ. ಪರಿಪೂರ್ಣವಾದ ಬಯಲು ಲೋಕವಾಗಿ ತೋರುವುದೇಕೆ? ಅದಕ್ಕೆ ಶಿವನ ಲೀಲೆಯೆಂಬುದು ನಮ್ಮ ಹಿರಿಯರ ಉತ್ತರ. ಲೀಲೆಯೆಂದರೆ ತನ್ನ ಹೊರಗಿನ ಯಾವ ಪ್ರಯೋಜನವನ್ನೂ ಬಯಸದ ಆಟ. ಅದು ಏಕೆಂಬ ಪ್ರಶ್ನೆಗೆ ಮತ್ತೊಂದು ಕಾರಣವನ್ನು ಕೊಡುವುದಿಲ್ಲ, ಕಾರಣವನ್ನು ಕೇಳುವ ಮನಸ್ಸನ್ನೇ ಬೇರೊಂದು ನೆಲೆಗೆ ಕರೆದೊಯ್ಯುತ್ತದೆ. ಲೈಬ್ನಿಟ್ಸನು ಇದನ್ನು ಒಪ್ಪುತ್ತಿರಲಿಲ್ಲ. ದೇವರೂ ಕಾರಣವಿಲ್ಲದೆ ಒಂದನ್ನೂ ಮಾಡನು, ಒಂದೆಲೆಯನ್ನೂ ಇಲ್ಲಿಂದ ಅಲ್ಲಿಗೆ ಇಡನು ಎಂಬುದು ಆತನ ಅಚಲವಾದ ನಂಬಿಕೆ. ವಿಚಾರದ ತುದಿಯಲ್ಲಿರುವುದು ಹೇತುವೋ ಲೀಲೆಯೋ ಎಂಬಲ್ಲಿ ಈ ಎರಡು ದಾರಿಗಳು ಅಗಲುತ್ತವೆ.

ಈ ಎರಡರಲ್ಲಿ ಯಾವುದನ್ನು ಹಿಡಿದರೂ ಸಾಧಕನು ಲೈಬ್ನಿಟ್ಸನಿಂದ ಕಲಿಯತಕ್ಕುದು ಒಂದಿದೆ. ಅರಸರ ವಂಶಾವಳಿಯನ್ನು ಬರೆಯುವ ದುಡಿಮೆಯ ನಡುವೆ, ಗಣಿಯ ನೀರಿನ ಚಿಂತೆಯ ನಡುವೆ, ಅಪವಾದ ಅನಾದರಗಳ ನಡುವೆಯೂ ಆತನು ಕಣ್ಣೆದುರಿನ ಲೋಕವನ್ನು ಬರಿದೆ ಇರುವ ವಸ್ತುವೆಂದು ಬಗೆದು ಸುಮ್ಮನಾಗಲಿಲ್ಲ. ಇರುವುದೇ ಒಂದು ಅಚ್ಚರಿಯೆಂದು ಕಂಡನು. ಒಂದು ಎಲೆಯನ್ನು ಕೈಯಲ್ಲಿ ಹಿಡಿದು, ಇದು ಇಲ್ಲದೆಯೂ ಇರಬಹುದಾಗಿತ್ತು, ಆದರೂ ಇದೆ ಎಂದು ನೆನೆಯುವವನು ಆ ಎಲೆಯನ್ನಾಗಲಿ ತನ್ನ ನೆರೆಯವನನ್ನಾಗಲಿ ತಾತ್ಸಾರದಿಂದ ನೋಡಲಾರನು. ಪ್ರಶ್ನೆಗೆ ಉತ್ತರವು ಯಾವ ಕಾಲಕ್ಕೆ ದೊರೆಯುವುದಾದರೂ ದೊರೆಯಲಿ. ಅದನ್ನು ಶ್ರದ್ಧೆಯಿಂದ ಕೇಳಿಕೊಳ್ಳುವವನ ದೃಷ್ಟಿಯು ಇಂದೇ ಶುದ್ಧವಾಗತೊಡಗುತ್ತದೆ.